ಕಂಬಿ ಎಣಿಸಿದ ತಲೆಗಳು

ಮಾರ್ಚ್ ಹದಿನಾರು, ಸೋಮವಾರ, ಎಣಿಕೆಯ ದಿನ. ಮಧ್ಯಾಹ್ನ ಹನ್ನೆರಡು ಹೊಡೆದಾಗ ರಸ್ತೆಯ ಮೇಲೆ ಕಂಬಗಳನ್ನೂರಿ ನಿಂತ ರೈಲು ನಿಲ್ದಾಣಕ್ಕೆ ಹತ್ತಿ ಬಂದಿದ್ದವರು ನಲವತ್ತೊಂದು ಮಂದಿ. ಸಂಜೆಯೊಳಗೆ ಮುನ್ನೂರು ತುಂಬದಿದ್ದರೆ ನಿಲ್ದಾಣಕ್ಕೆ ಬೀಗ. ನಿಲ್ದಾಣಪಾಲಕನಿಗೆ ಹಳಿ ಮುಗಿಯುವ ಊರಾಚೆಯ ಡಿಪೋಗೆ ವರ್ಗ. ನಿಲ್ದಾಣದ ಎದುರಿನ ಅಕ್ಕನ ಮನೆಯಲ್ಲೇ ಉಂಡು, ಚಪ್ಪಲಿ ಸವೆಯದಂತೆ ನೌಕರಿ ಮಾಡುತ್ತಿದ್ದವನಿಗೆ ಅದು ಗಡೀಪಾರಿಗೆ ಸಮ. ಅವನು ಅಕ್ಕನಿಗೆ ಫೋನು ಮಾಡಿದ.

"ಅಕ್ಕಾ, ಮನೇಲಿ ಎಷ್ಟು ಜನ ಇದ್ದೀರಿ?"

"ದಂಡೇ ಇದೆ, ಏಳು ಜನ. ಯಾಕೋ?"

"ಎಲ್ಲರನ್ನೂ ಹೊರಡಿಸು. ಈ ಕಡೆ ಮೆಟ್ಟಿಲು ಹತ್ತಿ, ಆ ಕಡೆ ಇಳಿದು, ರಸ್ತೆ ದಾಟಿ ಮತ್ತೆ ಹತ್ತಿ. ಒಳಬರೋ ಬಾಗಿಲಲ್ಲಿ ಎಣಿಸೋ ಕಂಬಿ ಒಂದು ಸಲ ತಿರುಗಿದರೆ ಒಂದು ತಲೆ ಲೆಕ್ಕ. ಅದಕ್ಕೇನು ಮುಖದ ಗುರುತು ಇರತ್ತಾ?"

ಟಿಕೆಟು ರೈಲಿನೊಳಗೇ ಕೊಡುವ ಪದ್ಧತಿ. ಹತ್ತಿಳಿಯಲು ಕಾಸಿನ ಖರ್ಚಿಲ್ಲ. ತಲೆಗೆ ಮೂವತ್ತೇಳು ಸುತ್ತಾದರೆ, ಬೇರೆ ನರಪಿಳ್ಳೆ ಬಾರದಿದ್ದರೂ ಲೆಕ್ಕ ತುಂಬುತ್ತದೆ. ಅಕ್ಕ, ಭಾವ, ಚಿಕ್ಕಮ್ಮ, ಸೋದರತ್ತೆ, ಭಾವನ ಮೂವರು ತಮ್ಮಂದಿರು ಗಾಣದೆತ್ತುಗಳಂತೆ ಸುತ್ತತೊಡಗಿದರು.

ಹದಿನೈದನೆಯ ಸುತ್ತಿಗೆ ಸೋದರತ್ತೆ ಮೆಟ್ಟಿಲ ಕಟಕಟೆ ಹಿಡಿದು ನಿಂತರು. "ನಿನ್ನ ನೌಕರಿ ಉಳಿಯೋ ಹೊತ್ತಿಗೆ ನನ್ನ ಮಂಡಿ ನಿವೃತ್ತಿ ಆಗತ್ತೆ ಕಣೋ!"

"ಮಾತಲ್ಲಿ ಉಸಿರು ಕಳೀಬೇಡಿ ಅತ್ತೆ. ಇನ್ನು ಇಪ್ಪತ್ತೆರಡೇ."

ಸಂಜೆ ಆರಕ್ಕೆ ತನಿಖಾಧಿಕಾರಿ ಬಂದರು. ಕಂಬಿಯ ಲೆಕ್ಕ ಮುನ್ನೂರ ಹದಿನೆಂಟು. ಪಾಲಕ ಮೀಸೆಯಲ್ಲೇ ನಕ್ಕ. ಅಧಿಕಾರಿ ನಗಲಿಲ್ಲ, ರೈಲಿನ ನಿರ್ವಾಹಕರನ್ನೂ ವಿಚಾರಿಸಿಕೊಂಡೇ ಬಂದಿದ್ದರು.

"ಇಲ್ಲಿ ರೈಲು ಹತ್ತಿದವರು ಐವತ್ತೊಂಬತ್ತೇ ಜನ ಅಂತಾರಲ್ರೀ. ಉಳಿದ ಇನ್ನೂರ ಐವತ್ತೊಂಬತ್ತು ಜನ ಎಲ್ಲಿ ಆವಿಯಾದ್ರು?"

ತಲೆ ಎಣಿಸುವ ಭರದಲ್ಲಿ ಒಬ್ಬರನ್ನಾದರೂ ರೈಲು ಹತ್ತಿಸುವ ಮಾತೇ ಪಾಲಕನಿಗೆ ಹೊಳೆದಿರಲಿಲ್ಲ. ಅವನು ಟೋಪಿ ತೆಗೆದು ಒರೆಸತೊಡಗಿದ. ಅಷ್ಟರಲ್ಲಿ ಕೊನೆಯ ಸುತ್ತಿನ ಚಿಕ್ಕಮ್ಮ, ನಿಂತ ರೈಲನ್ನು ಕಣ್ಣೆತ್ತಿಯೂ ನೋಡದೆ, ಆ ಕಡೆಯ ಮೆಟ್ಟಿಲಿಳಿದು ಹೋದರು. ಹಿಂದೆಯೇ ಏದುಸಿರಿನ ಭಾವ.

"ಓಹೋ! ರಸ್ತೆ ದಾಟೋಕೆ ಬರ್ತಾರೆ!" ಅಧಿಕಾರಿಯ ಮುಖ ಅರಳಿತು. "ಹಾಗಾದ್ರೆ ಇದು ಸೇತುವೆ ಕಣ್ರೀ, ನಿಲ್ದಾಣ ಅಲ್ಲ. ಮುಚ್ಚೋದು ಬೇಡ. ರೈಲು ನಿಲ್ಲಿಸೋದು ಬೇಡ, ಅಷ್ಟೇ. ಕಾವಲಿಗೆ ನೀವೇ ಇರಿ."

ಮರುವಾರದಿಂದ ರೈಲುಗಳು ಪಾಲಕನ ಟೋಪಿ ಹಾರಿಸಿಕೊಂಡು ಸುಯ್ಯನೆ ಸಾಗಿದವು. ನೌಕರಿ ಉಳಿಯಿತು. ಆದರೆ ಅಕ್ಕ ದಿನವೂ ಹೊಲಿಗೆ ಅಂಗಡಿಯ ಕೆಲಸಕ್ಕೆ ಹೋಗುತ್ತಿದ್ದುದು ಅದೇ ರೈಲಿನಲ್ಲಿ.

"ಸೈಕಲ್ ತೆಗಿ," ಎಂದಳು ಅವಳು, ಊಟದ ಡಬ್ಬಿ ಹಿಡಿದು ಬಾಗಿಲಲ್ಲಿ ನಿಂತು. "ನಿನ್ನ ನೌಕರಿ ಇರೋವರೆಗೂ ನನ್ನನ್ನ ಹೊರೋದು ನೀನೇ."

ದಿನಕ್ಕೆ ಎರಡು ಸವಾರಿಯಂತೆ ಅವನು ಆ ಋಣ ತೀರಿಸುತ್ತಿದ್ದಾನೆ. ನಿವೃತ್ತಿಯವರೆಗೆ ಇನ್ನೂ ಹನ್ನೊಂದು ವರ್ಷದ್ದು ಬಾಕಿಯಿದೆ.