ಆರಕ್ಕೆ ಮುಂಚೆ ಯಾರೂ ಏಳುವುದಿಲ್ಲ

"ಆರು ಗಂಟೆಗೆ ಮುಂಚೆ ಈ ಊರಲ್ಲಿ ಒಂದು ನರಪಿಳ್ಳೆಯೂ ಏಳೋದಿಲ್ಲ ಕಣೇ!" ಬಸ್ ವೇಳಾಪಟ್ಟಿ ವಿಭಾಗದ ಗುಮಾಸ್ತ ರಾತ್ರಿ ಊಟಕ್ಕೆ ಕೂತವನು ಹೆಂಡತಿಗೆ ಹೇಳಿದ. ನಾಲ್ಕು ಸಾವಿರ ಮನೆಗಳ ಸಮೀಕ್ಷೆ, ಮೂರು ತಿಂಗಳ ದುಡಿಮೆ. ನಾಳೆ ಹನ್ನೊಂದಕ್ಕೆ ಸಾಹೇಬರ ಸಹಿ ಬಿದ್ದರೆ ಐದು ಇಪ್ಪತ್ತರ ಮೊದಲ ಬಸ್ಸು ರದ್ದು, ಇವನಿಗೆ ಬಡ್ತಿ.

ಬಡಿಸುತ್ತಿದ್ದ ಸೌಟು ಅಲ್ಲೇ ನಿಂತಿತು. "ಫಾರಂ ತುಂಬಿದ್ದು ಯಾರು?"

"ಮನೆ ಯಜಮಾನರು. ನಮ್ಮನೇದು ನಾನೇ ತುಂಬ್ದೆ."

"ನಾನು ಎಷ್ಟೊತ್ತಿಗೆ ಏಳ್ತೀನಿ ಅಂತ ಬರೆದ್ರಿ?"

"ಆರೂವರೆ. ನಾನು ಕಣ್ಣು ಬಿಟ್ಟಾಗ ನೀನು ಎದ್ದೇ ಇರ್ತೀಯಲ್ಲ."

"ಓಹೋ, ನೀವು ಕಣ್ಣು ಬಿಟ್ಟ ಮೇಲೇ ನಾನು ಹುಟ್ಟೋದು ಅನ್ನಿ!"

ಮರುದಿನ ನಾಲ್ಕೂಮುಕ್ಕಾಲಿಗೆ ಅವಳು ಹೊದಿಕೆ ಎಳೆದು ಅವನನ್ನು ಎಬ್ಬಿಸಿದಳು. ಗೊಣಗುತ್ತ ಕಿಟಕಿಗೆ ಬಂದವನಿಗೆ ಎದುರು ಸಾಲಿನ ಅಡುಗೆಮನೆಗಳಲ್ಲೆಲ್ಲ ದೀಪ ಕಂಡಿತು. ಅಂಗಿಯ ಗುಂಡಿ ಮೇಲೆ ಕೆಳಗೆ ಹಾಕಿಕೊಂಡೇ ಬಸ್ ನಿಲ್ದಾಣಕ್ಕೆ ಓಡಿದ. ಅಲ್ಲಿ ನಲವತ್ತು ಹೆಂಗಸರಾದರೂ ನಿಂತಿದ್ದರು.

"ಅಮ್ಮಾ, ಸಮೀಕ್ಷೆಯವರು ಬಂದಾಗ ನೀವು ಹೇಳಲಿಲ್ವಾ?" ಎಂದು ಸಾಲಿನಲ್ಲಿದ್ದ ಒಬ್ಬ ಆಸ್ಪತ್ರೆಯ ಆಯಾಳನ್ನು ಕೇಳಿದ.

"ನಾನು ಡ್ಯೂಟೀಲಿದ್ದೆ, ನಮ್ಮ ಯಜಮಾನ್ರು ಬರೆಸಿದ್ರು. ಅವರಿಗೇನು ಗೊತ್ತು? ನಾನು ಹೊರಡುವಾಗಲೂ ಗೊರಕೆ, ಬರುವಾಗಲೂ ಗೊರಕೆ!" ಸಾಲಿಗೆ ಸಾಲೇ ನಕ್ಕಿತು. ಗುಮಾಸ್ತನೂ ನಗಲು ಹೋದ, ಆಗಲಿಲ್ಲ.

ಹನ್ನೊಂದಕ್ಕೆ ಅವನು ನಡೆದದ್ದನ್ನೆಲ್ಲ ಹೇಳಿದಾಗ ಸಾಹೇಬರು ಸಿಡುಕಿದರು. "ವರದಿ ಅಚ್ಚಾಗಿ ಕೂತಿದೆ ಕಣಯ್ಯ. ನಿನ್ನ ಹೆಂಡತಿ ಮಾತು ಕೇಳಿ ಬದಲಾಯಿಸ್ಲಾ?"

ಅವನಿಗೆ ಬಡ್ತಿ ನೆನಪಾಯಿತು. ಆದರೂ, "ನನ್ನವಳ ಮಾತು ಬೇಡ ಸಾರ್. ನಿಮ್ಮ ಮನೇಲೇ ಒಂದು ಮಾತು ಕೇಳಿ ನೋಡಿ," ಅಂದ.

ಸಾಹೇಬರು ಫೋನ್ ಹಚ್ಚಿ, "ಲೇ, ನೀನು ಬೆಳಿಗ್ಗೆ ಎಷ್ಟೊತ್ತಿಗೆ ಏಳ್ತೀಯ?" ಎಂದರು. ಆಮೇಲೆ ಹತ್ತು ನಿಮಿಷ ಅವರ ಬಾಯಿಂದ ಹೂಂ ಬಿಟ್ಟರೆ ಬೇರೆ ಸೊಲ್ಲಿಲ್ಲ. ಫೋನಿಟ್ಟು ಬೆವರೊರೆಸಿಕೊಂಡು, ವರದಿಗೆ ಅಡ್ಡಗೆರೆ ಎಳೆದರು.

"ಬಸ್ಸು ಓಡಲಿ. ಅದರ ಹಿಂದೆ ಇನ್ನೊಂದು ಹಾಕು. ಸಮೀಕ್ಷೆ ಹೊಸದಾಗಿ ಮಾಡು, ಈ ಸಲ ಹೆಂಗಸರನ್ನ ಕೇಳು."

ಬಡ್ತಿಯ ಮಾತನ್ನು ಇಬ್ಬರೂ ಎತ್ತಲಿಲ್ಲ.

ಅದರ ಮರುದಿನ ಗುಮಾಸ್ತ ನಾಲ್ಕೂವರೆಗೇ ಎದ್ದು, ಸದ್ದಾಗದಂತೆ ಅಡುಗೆಮನೆಗೆ ಹೋದ. ಹೆಂಡತಿ ಹೊದಿಕೆಯೊಳಗಿಂದಲೇ ಕೇಳಿಸಿಕೊಂಡಳು. ಒಂದು ಡಬ್ಬಿಯ ಮುಚ್ಚಳ ತೆರೆಯಿತು, ಮುಚ್ಚಿತು. ಇನ್ನೊಂದು. ಮತ್ತೊಂದು. ಚಹಾಪುಡಿ ಯಾವುದರಲ್ಲಿದೆ ಎಂದು ಅವಳು ಕೂಗಿ ಹೇಳಲಿಲ್ಲ. ಮಗ್ಗುಲು ಬದಲಿಸಿ ಕಣ್ಣು ಮುಚ್ಚಿಕೊಂಡಳು.