ಇದ್ದವರ ಹೆಸರು

ಹೈಫಾದ ಆ ಸಣ್ಣ ಗ್ರಂಥಾಲಯದ ಕಿಟಕಿಗಳಲ್ಲಿ ತೊಂಬತ್ತೊಂದರ ಕ್ಷಿಪಣಿ ದಾಳಿಯ ದಿನಗಳಲ್ಲಿ ಅಂಟಿಸಿದ್ದ ಟೇಪಿನ ಗೋಂದು ಇನ್ನೂ ಹೋಗಿರಲಿಲ್ಲ. ಗ್ರಂಥಪಾಲಕಿ ಫ್ರೂಮಾ ಓದುಗರ ಕೂಟಕ್ಕೆಂದು ಆರಿಸಿದ ಪುಸ್ತಕಗಳ ಪಟ್ಟಿಯನ್ನು ಫಲಕಕ್ಕೆ ಚುಚ್ಚುತ್ತಿದ್ದಳು. ಎರಡು ಕಾದಂಬರಿ, ಒಂದು ಚರಿತ್ರೆ. ಮೂರರಲ್ಲೂ ಯಾವುದೋ ಯೆಹೂದಿ ಮನೆತನ, ಮೂರರಲ್ಲೂ ಮುಚ್ಚಿಟ್ಟ ಒಂದು ಗುಟ್ಟು.

"ಮತ್ತೆ ಟ್ರಂಕಿನೊಳಗಿನ ಕಾಗದವೇನೇ?" ಎಂದು ಕೂಟದ ಹಿರಿಯಳು ಪೆನೀನಾ ಕನ್ನಡಕದ ಮೇಲಿಂದ ನೋಡಿದಳು. "ಈ ಪುಸ್ತಕದೋರ ಮನೇಲಿ ಯಾರೂ ಕಸಾನೇ ಗುಡಿಸಲ್ವಾ? ನಮ್ಮನೇಲಿ ಹಳೇ ಕಾಗದ ಇರೋದು ಮೀನು ಸುತ್ತೋಕೆ."

ಫ್ರೂಮಾ ನಕ್ಕಳು. ನಗುತ್ತಲೇ, ರಷ್ಯದ ಕಡೆಯಿಂದ ಹೊಸದಾಗಿ ಬಂದವರಾರೋ ಪಕ್ಕದಲ್ಲಿ ಅಂಟಿಸಿದ್ದ ಚೀಟಿಯನ್ನು ಓದಿದಳು: 'ದ್ವಿನ್ಸ್ಕ್ ಊರಿನ, ಪುಸ್ತಕಕ್ಕೆ ರಟ್ಟು ಕಟ್ಟುವ ಲೇಜರನ ಮಗಳು ಹಿಂಡಾ ಎಲ್ಲಿದ್ದಾಳೆ? ಊರಲ್ಲೇ ಉಳಿದ ತಂಗಿ ಫ್ರೂಮಾ ಹುಡುಕುತ್ತಿದ್ದಾಳೆ.' ಕೆಳಗೆ ಅಲ್ಲಿಯದೇ ಫೋನ್ ನಂಬರು.

ಹಿಂಡಾ ಈ ಗ್ರಂಥಪಾಲಕಿಯ ಅಮ್ಮ. ಎರಡನೇ ಮಹಾಯುದ್ಧದಲ್ಲಿ ಸತ್ತಳೆಂದುಕೊಂಡ ಆ ತಂಗಿಯ ಹೆಸರನ್ನೇ ಅಮ್ಮ ಮಗಳಿಗೆ ಇಟ್ಟಿದ್ದಳು. ಅವರಲ್ಲಿ ಮಗುವಿಗೆ ತೀರಿಕೊಂಡವರ ಹೆಸರಿಡುತ್ತಾರೆ. ಬದುಕಿರುವವರ ಹೆಸರಿಟ್ಟರೆ ಅವರ ಆಯುಷ್ಯವನ್ನೇ ಕಿತ್ತುಕೊಂಡಂತೆ.

ಚೀಟಿ ಕಿತ್ತುಕೊಂಡು, ಮೆಟ್ಟಿಲುಗಳ ಬೀದಿಯನ್ನು ಒಂದೇ ಉಸಿರಿಗೆ ಹತ್ತಿ ಅವಳು ಮನೆ ಸೇರಿದಾಗ ಅಮ್ಮ ಬೀಟ್‌ರೂಟ್ ಹೆಚ್ಚುತ್ತಿದ್ದಳು. ಚೀಟಿಯನ್ನು ಓದಿದಳು. ಚಾಕುವನ್ನು ತೊಳೆದಿಟ್ಟಳು.

"ಗೊತ್ತಿತ್ತು."

"ಏನು ಗೊತ್ತಿತ್ತು?"

"ಬದುಕಿದಾಳೆ ಅಂತ. ನಲವತ್ತೆಂಟರಲ್ಲೇ ಕಾಗದ ಬಂದಿತ್ತು. ನಿನಗೆ ಹೆಸರಿಟ್ಟು ಆರು ವಾರ. ಅವತ್ತೇ ನಿನಗೆ ಸುಡೋ ಜ್ವರ. ಒಂದೇ ಹೆಸರಿನೋರು ಇಬ್ಬರಿದ್ರೆ ಸಾವಿನ ದೂತನಿಗೆ ಗುರುತು ಸಿಗಲ್ಲ ಅಂತಾರೆ ಕಣೆ. ಅವಳನ್ನ ಕರೆಯೋಕೆ ಬಂದೋನು ನಿನ್ನ ಎತ್ಕೊಂಡು ಹೋದ್ರೆ? ಕಾಗದ ಒಲೆಗೆ ಹಾಕ್ದೆ."

"ನನ್ನ ಹೆಸರು ಬದಲಾಯಿಸಬಹುದಿತ್ತಲ್ಲಮ್ಮ!"

"ಯಾಕೆ ಅಂತ ನಿಮ್ಮಪ್ಪ ಕೇಳ್ತಿದ್ರು. ಒಂದು ದಿನ ಸುಮ್ನಿದ್ದೆ. ಮಾರನೇ ದಿನ ಹೇಳ್ಬೇಕಂದ್ರೆ ಹಿಂದಿನ ದಿನ ಯಾಕೆ ಹೇಳ್ಲಿಲ್ಲ ಅಂತಾನೂ ಹೇಳ್ಬೇಕಿತ್ತು. ಹಾಗೇ ಹಾಗೇ ನಲವತ್ಮೂರು ವರ್ಷ."

ಕೂಟದಲ್ಲಾದರೆ ಇಂಥ ತಾಯಿಯ ಬಗ್ಗೆ ಫ್ರೂಮಾ ಅರ್ಧ ಗಂಟೆ ಮಾತಾಡಬಲ್ಲಳು. ಈಗ ಬೀಟ್‌ರೂಟಿನ ಸಿಪ್ಪೆಗಳನ್ನು ಒಟ್ಟುಮಾಡುತ್ತ ನಿಂತಳು.

ಫೋನಿನಲ್ಲಿ ಮಾತಾಡಲು ಅಮ್ಮ ಒಪ್ಪಲಿಲ್ಲ. "ನನ್ ಕೈಲಾಗಲ್ಲ. ನೀನೇ ಮಾತಾಡು. ಹೆಸರು ಮಾತ್ರ ಹೇಳ್ಬೇಡ. ಅಕ್ಕ ತನ್ನನ್ನ ಸತ್ತೋರ ಲೆಕ್ಕಕ್ಕೆ ಹಾಕಿದ್ಲು ಅಂತ ಗೊತ್ತಾದ್ರೆ ಅವಳು ತಡ್ಕೊಳ್ಳಲ್ಲ."

ಆ ತುದಿಯಿಂದ ಬಂದದ್ದು ಥೇಟ್ ಅಮ್ಮನ ದನಿ. "ಯಾರದು?"

"ಹಿಂಡಾ ಮಗಳು."

"ಹಿಂಡಾ... ಇದಾಳಾ?"

"ಇಲ್ಲೇ ಇದಾಳೆ, ಚಿಕ್ಕಮ್ಮ. ಗಂಟಲು ಕಟ್ಟಿದೆ, ಮಾತು ಬರ್ತಿಲ್ಲ." ಅದೇನೂ ಸುಳ್ಳಾಗಿರಲಿಲ್ಲ.

"ಅವಳ ಗಂಟಲು ನನ್ನ ಬೈಯೋವಾಗ ಮಾತ್ರ ಸರಿ ಇರ್ತಿತ್ತು!" ಚಿಕ್ಕಮ್ಮ ಅಳುತ್ತಲೇ ನಕ್ಕಳು. "ನಿನ್ ಹೆಸರೇನು ಮಗೂ?"

ಅಮ್ಮನ ಒದ್ದೆ ಕೈ ಅವಳ ಮಣಿಕಟ್ಟನ್ನು ಹಿಡಿಯಿತು. ಫ್ರೂಮಾ ಕಿಟಕಿಯಾಚೆಗಿನ ಪೈನ್ ಮರವನ್ನು ನೋಡಿದಳು.

"ಇಲಾನಾ."

"ಅದ್ಯಾರ ಹೆಸರು?"

"ಯಾರದ್ದೂ ಅಲ್ಲ. ಮರ ಅಂತ ಅರ್ಥ. ಇಲ್ಲಿ ಹೀಗೂ ಇಡ್ತಾರೆ."

ಆ ಕಡೆ ಚಿಕ್ಕಮ್ಮ ಮೂಗು ಒರೆಸಿಕೊಂಡಳು. "ನೋಡ್ದ್ಯಾ! ಪಕ್ಕದ್ಮನೆಯೋಳು, 'ನಿಮ್ಮಕ್ಕ ಯಾವತ್ತೋ ಮಗೂಗೆ ನಿನ್ನ ಹೆಸರಿಟ್ಟು ಕೈ ತೊಳ್ಕೊಂಡಿರ್ತಾಳೆ' ಅಂತಿದ್ಲು. ನಮ್ಮ ಹಿಂಡಾ ಅಂಥೋಳಲ್ಲ ಅಂದೆ. ನಾನು ಬರೆದ ಕಾಗದ ದಾರೀಲಿ ಕಳೆದಿರತ್ತೆ ಅಂದೆ. ಆಮೇಲೆ ಹೊರದೇಶಕ್ಕೆ ಬರೆಯೋಕೆ ಇಲ್ಲಿ ಭಯ. ಈಗ ರಹದಾರಿ ಸಿಕ್ಕಿದೆ. ಸೆಪ್ಟೆಂಬರಿಗೆ ಬರ್ತೀನಿ. ಸಾಯೋವರೆಗೂ ನಿಮ್ಮನೇಲೇ, ಓಡಿಸ್ಬೇಡಿ ಮತ್ತೆ!"

"ಬನ್ನಿ," ಎಂದಳು ಫ್ರೂಮಾ. ಮೀನಿನ ಅಂಗಡಿಯವನು, ಎದುರು ಮನೆಯವರು, ಇಡೀ ಬೀದಿ ಅವಳನ್ನು ಕೂಗುವ ಹೆಸರು ಒಂದೇ: ಫ್ರೂಮಾ.

"ವಿಮಾನ ನಿಲ್ದಾಣಕ್ಕೆ ನೀನೇ ಬಾ. ಗುರುತು ಸಿಗೋ ಹಾಗೆ ಹೆಸರು ದೊಡ್ಡದಾಗಿ ಬರ್ಕೊಂಡು ನಿಂತ್ಕೋ. ಇಲಾನಾ? ಇಲಾನಾ, ಇದೀಯಾ?"

ಕರೆಯುತ್ತಿರುವುದು ತನ್ನನ್ನೇ ಎಂದು ಫ್ರೂಮಾಳಿಗೆ ಹೊಳೆಯುವಷ್ಟರಲ್ಲಿ ಚಿಕ್ಕಮ್ಮ ಮೂರನೆಯ ಸಲ ಕರೆಯುತ್ತಿದ್ದಳು.