ಗಡಿಯಾರಕ್ಕೆ ಗೊತ್ತಿಲ್ಲ

ಲೋಟದ ನೀರಿನಲ್ಲಿ ಸೂರ್ಯ, ಕೆಂಪು ಬೊಟ್ಟಿನಷ್ಟು, ಕಾಯಿಸಿ ಸೋಸಿದ ನೀರು, ಅವತ್ತೂ ಹೀಗೆಯೇ ಇತ್ತು, ಖಾನಾಪುರದಿಂದ ಫೋನ್ ಬಂದ ಸಂಜೆ — ಮೊಮ್ಮಗಳು ಮಯೂರಿ ಪಾಠ ಮಾಡುವ ಕಾಲೇಜಿನವರು, ಮರಾಠಿಯಲ್ಲಿ, ಅಳುತ್ತ, ಕ್ಲಾಸಿನಲ್ಲೇ ಕುಸಿದಳು, ಉಳಿಯಲಿಲ್ಲ ಅಂತ — ಆ ಮಾತು ಮುಗಿಯುವಷ್ಟರಲ್ಲಿ ದೇವರ ಗೂಡಿನ ಬದಿಯ ಹಳೆಯ ಫೋನಿನಿಂದ ಅವಳದೇ ದನಿ, ಅಜ್ಜಾ, ಹೊತ್ತು ಮುಳುಗಾಕ ಬಂತು, ಉಣ್ಣಾಕ ಏಳ — ಕಾಲೇಜಿನವರಿಗೆ ನಾನು ಹೇಳಿಬಿಟ್ಟೆ, ಏನ್ ಮಾತಾಡ್ತೀರಿ, ಹುಡುಗಿ ಇಲ್ಲೇ ಅದಾಳ, ಈಗಷ್ಟ ಊಟಕ್ಕ ಎಬ್ಬಿಸಿದ್ಲು. ನನ್ನ ಪೊರೆಗಣ್ಣಿಗೆ ಕೆಂಪಷ್ಟೇ ಕಾಣುತ್ತದೆ, ಹೊತ್ತು ತಿಳಿಯುವುದಿಲ್ಲ, ಹೊತ್ತು ಮುಳುಗಿದ ಮೇಲೆ ಉಣ್ಣುವವರಲ್ಲ ನಾವು, ಜೈನರು, ಅದಕ್ಕೇ ಅವಳು ಬರೆದುಕೊಟ್ಟದ್ದು, ದಿನಾ ಸಂಜೆ ಅವಳದೇ ದನಿಯಲ್ಲಿ ಕರೆಯುವ ಪ್ರೋಗ್ರಾಮು, ಗಡಿಯಾರ ಅಂತ ಒಂದ್ ಕ್ಲಾಸ್ ಐತಜ್ಜಾ, ಪ್ರೋಗ್ರಾಮಿನ ಒಂದ್ ತುಂಡು, ತಿಳಿಸುವವ ಅಂತ ಒಂದ್ ಇಂಟರ್‌ಫೇಸ್, ಕರಾರುಪತ್ರ ಇದ್ದಂಗ, ಅದರಾಗ ತಿಳಿಸು ಅನ್ನೋ ಒಂದ ಮೆಥಡ್, ಹೆಂಗ ತಿಳಿಸಬೇಕಂತ ಅಲ್ಲಿ ಒಂದಕ್ಷರ ಬರದಿಲ್ಲ, ಬರೇ ವಚನ, ನಡಿಸಿಕೊಡೋದು ನನ್ನ ದನಿ ಇರೋ ಕ್ಲಾಸು — ಹಂಗಾದ್ರ ಗಡಿಯಾರಕ್ಕ ನಿನ್ನ ಗುರ್ತ ಇಲ್ಲೇನ, ಎಂದೆ — ಇಲ್ಲ, ಯಾರಿದ್ರೂ ಅದಕ್ಕ ನಡಿತೈತಿ, ತಿಳಿಸು ಅಂತೈತಿ, ತಿಳಿಸಬೇಕು, ನಿನಕಿಂತ ಹಟಮಾರಿ ಅದು, ಎಂದು ನಕ್ಕಿದ್ದಳು.

ಅವಳು ಹೋಗಿ ಹನ್ನೊಂದು ದಿನ, ಗಡಿಯಾರಕ್ಕೆ ಗೊತ್ತಿಲ್ಲ, ದಿನವೂ ತಿಳಿಸು ಎನ್ನುತ್ತದೆ, ದನಿ ಬರುತ್ತದೆ, ಬಂದೆನವ್ವಾ ಎನ್ನುತ್ತೇನೆ, ದನಿಯ ಹಿಂದೆ ಅವಳೂ ಬಂದಾಳೆಂದು ಬಾಗಿಲು ನೋಡುತ್ತ ಕೂರುತ್ತೇನೆ, ಲೋಟದ ಕೆಂಪು ಆರುತ್ತದೆ, ತಾಟು ಹಾಗೆಯೇ ಒಳಗೆ ಹೋಗುತ್ತದೆ, ನನ್ನ ಹೆಂಡತಿ ರತ್ನಮಾಲಾ ಸೆರಗು ಕಣ್ಣಿಗೊತ್ತಿಕೊಂಡು, ರೀ, ಹಿಂಗಾದ್ರ ನೀವೂ ಉಳಿಯಂಗಿಲ್ಲ. ಇವತ್ತು ಮಯೂರಿಯ ಗೆಳತಿ ಮೇಘಾ ಶಿವಬಸವ ನಗರದಿಂದ ಬಂದು ಲ್ಯಾಪ್‌ಟಾಪ್ ತೆರೆದು ಕೂತಿದ್ದಾಳೆ, ಒಂದ ಸಾಲು ಬದಲ್ ಮಾಡಿದ್ರ ಸಾಕ್ರಿ ಅಜ್ಜಾರ, ದನಿ ಜಾಗಾದಾಗ ಗಂಟಿ ಬರ್ತದ, ಗಡಿಯಾರ ಮುಟ್ಟೋದ ಬ್ಯಾಡ, ಅಕಿ ಹಂಗ ಬರದಾಳ, ಮಾಡ್ಲೇನ್ರಿ — ಹಾಗೆ ಬರೆದಿದ್ದಾಳೆ, ತಾನಿಲ್ಲದಿದ್ದರೂ ಅಜ್ಜ ಉಣ್ಣುವ ಹಾಗೆ — ಬೇಡ ಎನ್ನುವುದು ನಾಲಿಗೆಯ ತುದಿಯಲ್ಲೇ ಇದೆ, ಆದರೆ ಕೋಟೆಯ ಬಸದಿಯಲ್ಲಿ ಎಪ್ಪತ್ತು ವರ್ಷ ಕೈಮುಗಿದು ಕೇಳಿದ ಉಪದೇಶವೇನು, ಅವಳ ಜೀವ ತನ್ನ ದಾರಿ ಹಿಡಿದು ಹೋಯಿತು, ಅವಳ ದನಿಯನ್ನು ಕಟ್ಟಿಕೊಂಡು ಕುಳಿತವನು ನಾನು, ಮಾಡವ್ವಾ, ಬದಲ್ ಮಾಡು. ಹೊತ್ತಾಗಿ ಗಂಟೆ ಬಾರಿಸಿತು, ಬರೀ ಗಂಟೆ, ಬಾಗಿಲ ಕಡೆ ನೋಡಲು ಅದರಲ್ಲಿ ಏನೂ ಇಲ್ಲ, ಕೈ ತಾಟಿಗೆ ಹೋಗುತ್ತದೆ, ರೊಟ್ಟಿಯ ಒಂದು ಚೂರು, ಅಗಿದು ನುಂಗುತ್ತೇನೆ, ಲೋಟ ಎತ್ತುತ್ತೇನೆ, ನೀರು ಅಲುಗುತ್ತದೆ, ನೀರಿನಲ್ಲಿ ಸೂರ್ಯನೂ — ಜಿನದೇವಾ, ನನ್ನ ಮಯೂರಿ ಎಲ್ಲಿದ್ದರೂ ಆ ಜೀವಕ್ಕೆ ಶಾಂತಿಯಿರಲಿ, ಹಿಂದೆ ನೋಡದಿರಲಿ, ಶಾಂತಿಯಿರಲಿ — ಸೂರ್ಯ, ಕೆಂಪು ಬೊಟ್ಟಿನಷ್ಟು, ಶಾಂತಿಯಿರಲಿ —